ಹೊಸ ಬ್ಲೇಡ್ ಹಾಕಿದ್ರೂ ಬ್ಯಾಂಡ್‌ಸಾ ಓರೆ ಕೊಯ್ತದೆ, ದೊಡ್ಡ ಮೆಷಿನ್ ತಗೊಳ್ಬೇಕಾ?

ಬ್ಯಾಂಡ್‌ಸಾಕ್ಕೆ (ಎರಡು ಚಕ್ರದ ಮೇಲೆ ಬೆಲ್ಟಿನ ಹಾಗೆ ಬ್ಲೇಡ್ ಓಡುವ ಗರಗಸದ ಮೆಷಿನ್) ಹಾಕಿದ ಹೊಸ ಬ್ಲೇಡ್ ಹತ್ತು ನಿಮಿಷ ಸರಿ ಕೊಯ್ದು ಮತ್ತೆ ಬಲಕ್ಕೆ ಎಳೀತದೆ, ಫೆನ್ಸ್ (ಮರ ಒರಗಿಸಿ ದೂಡುವ ಪಟ್ಟಿ) ಓರೆ ಇಡ್ಬೇಕಾ ಅಲ್ಲ 14 ಇಂಚು ಚಕ್ರದ್ದು ಮಾರಿ 18 ಇಂಚಿಂದು ತಗೊಳ್ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ ಮಾರ್ರೆ. ಓದುವಾಗ ನಂಗೆ ನಗು ಬಂತು, ಬೇಜಾರು ಮಾಡ್ಬೇಡಿ, ನನ್ನದೇ ಕಥೆಯನ್ನು ಬೇರೆ ಯಾರೋ ಬರೆದ ಹಾಗೆ ಉಂಟು.

ನಮ್ಮದು ಕಾಸರಗೋಡು, ಬದಿಯಡ್ಕದ ಹತ್ರ. ಮನೆ ಹಿಂದೆ ಶೀಟು ಹಾಕಿದ ಒಂದು ಕೊಟ್ಟಿಗೆ, ಮೊದಲು ಅಡಿಕೆ ತುಂಬಿಸ್ತಾ ಇದ್ದದ್ದು, ಈಗ ಅದೇ ವರ್ಕ್‌ಶಾಪು. ಸೆಕೆಂಡ್ ಹ್ಯಾಂಡ್ 14 ಇಂಚಿನ ಬ್ಯಾಂಡ್‌ಸಾ ತಂದು ಎರಡು ತಿಂಗಳಾಗಿತ್ತು. ಆಗ ಪೆರ್ಲದ ಕಡೆಯ ಒಬ್ರು ರಿಟೈರ್ಡ್ ಮಾಷ್ಟ್ರು ಹಲಸಿನ ಹಲಗೆ ತಂದು ಇಳಿಸಿದ್ರು. ಅವರ ಮನೆಯದ್ದೇ ಮರ, ಮಳೆಗಾಲದ ಗಾಳಿಗೆ ಬಿದ್ದದ್ದು, ಮಿಲ್ಲಿನಲ್ಲಿ ಸೀಳಿಸಿ ಮೂರು ವರ್ಷ ಅಟ್ಟದಲ್ಲಿ ಒಣಗಿಸಿದ್ದು. ಬಣ್ಣ ಅಂದ್ರೆ ಅರಿಶಿನ ತೇದ ಹಾಗೆ. ಅದ್ರಲ್ಲಿ ಒಂದು 2 ಇಂಚು ದಪ್ಪದ, 8 ಇಂಚು ಅಗಲದ ಹಲಗೆಯನ್ನು ನಡುವೆ ಸೀಳಿ, ಪುಸ್ತಕ ಬಿಡಿಸಿದ ಹಾಗೆ ಎರಡು ಬದಿಗೆ ಕೂರಿಸಿ ದೇವರ ಕೋಣೆಯ ಬಾಗಿಲಿಗೆ ಪ್ಯಾನೆಲ್ ಮಾಡ್ಬೇಕಿತ್ತು. ಎಡದ ಗೆರೆ ಬಲದಲ್ಲಿ ಕನ್ನಡಿ ಹಿಡಿದ ಹಾಗೆ ಬರ್ತದಲ್ಲ, ಅದು.

ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ದೂಡಿದೆ. ಒಂದಡಿ ಚಂದ ಹೋಯ್ತು. ಮತ್ತೆ ನೋಡ್ತೇನೆ, ಬ್ಲೇಡ್ ಬಲಕ್ಕೆ ಮಾಲಿಕೊಂಡು ಹೋಗ್ತಾ ಉಂಟು. ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ, ಸರಿಯಾಗ್ಬಹುದು ಅಂತ ಇನ್ನೂ ಒತ್ತಿದೆ. ಕೊನೆಗೆ ಅಳತೆ ಹಿಡಿದ್ರೆ ಶುರುವಿನಲ್ಲಿ ಎರಡೂ 24 ಮಿಲ್ಲಿಮೀಟರ್, ತುದಿಯಲ್ಲಿ ಫೆನ್ಸ್ ಬದಿಯದ್ದು 36, ಆಚೆದು 12. ಮಾಷ್ಟ್ರು ಬಂದು ಆ ತೆಳು ತುಂಡು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದ್ದು ಒಂದೇ ಮಾತು, "ಇದ್ರಲ್ಲಿ ಹಪ್ಪಳ ಒತ್ತುವ ಮಣೆ ಸಹ ಆಗ್ಲಿಕ್ಕಿಲ್ಲ ಅಲ್ವಾ?" ಬೈದಿದ್ರೆ ವಾಸಿ ಇತ್ತು.

ನಂತ್ರ ನಾನು ಮಾಡಿದ್ದು ಎಲ್ಲ ನೀವು ಈಗ ಮಾಡ್ತಾ ಇರುವುದೇ. ಹೊಸ ಬ್ಲೇಡ್ ಹಾಕಿದೆ, ಹತ್ತು ನಿಮಿಷ ಬೆಣ್ಣೆ ಕೊಯ್ದ ಹಾಗೆ, ಮತ್ತೆ ಬಲಕ್ಕೆ. ಟೆನ್ಶನ್, ಅಂದ್ರೆ ಬ್ಲೇಡಿನ ಬಿಗಿ, ಸಾಲದು ಅಂತ ಮೇಲಿನ ಹಿಡಿ ತಿರುಗಿಸಿ ತಿರುಗಿಸಿ ಸ್ಪ್ರಿಂಗು ಸುರುಳಿಗೆ ಸುರುಳಿ ತಾಗುವಷ್ಟು ಬಿಗಿ ಮಾಡಿದೆ. ಸ್ಪ್ರಿಂಗ್ ಹಾಗೆ ಮುಚ್ಚಿಹೋದ್ರೆ ಮತ್ತೆ ಅದು ಸ್ಪ್ರಿಂಗೇ ಅಲ್ಲ, ಕಬ್ಬಿಣದ ಗಟ್ಟಿ. ಮೂರನೇ ದಿನ ಬ್ಲೇಡ್ ವೆಲ್ಡಿನ ಹತ್ರ ತುಂಡಾಗಿ ಕೋವಿ ಹೊಡೆದ ಹಾಗೆ ಶಬ್ದ, ಒಳಗಿಂದ ಅಮ್ಮ ಓಡಿ ಬಂದ್ರು. ಮತ್ತೆ ಯಾವುದೋ ವಿಡಿಯೋ ನೋಡಿ ಫೆನ್ಸನ್ನೇ ಬ್ಲೇಡ್ ಎಳೆಯುವ ಬದಿಗೆ ಓರೆ ಮಾಡಿದೆ. ಅರ್ಧ ಗಂಟೆ ಸರಿ ಬಂತು, ಆಮೇಲೆ ಆ ಓರೆ ಸಾಲ್ಲಿಲ್ಲ, ಇನ್ನೂ ಓರೆ ಮಾಡ್ಬೇಕಾಯ್ತು. ಬ್ಲೇಡ್ ಹಾಳಾಗ್ತಾ ಹೋದ ಹಾಗೆ ಅದರ ಎಳೆತ ಸಹ ಬದಲಾಗ್ತದೆ, ಅದರ ಹಿಂದೆ ಎಷ್ಟು ದಿನ ಅಂತ ಓಡುದು. ಒಟ್ಟು ನಾಲ್ಕು ಬ್ಲೇಡ್ ಹೋಯ್ತು ನಂದು.

ತಪ್ಪು ಇದ್ದದ್ದು ಬೇರೆ ಕಡೆ. ಇದನ್ನು ಸ್ವಲ್ಪ ಉದ್ದ ಹೇಳ್ತೇನೆ, ಬೋರಾದ್ರೂ ಓದಿ.

ಬ್ಲೇಡಿನ ಬೆನ್ನಿಗೆ ಒಂದು ಬೇರಿಂಗ್ ಉಂಟಲ್ಲ, ತ್ರಸ್ಟ್ ಬೇರಿಂಗ್, ಮರ ದೂಡುವಾಗ ಬ್ಲೇಡ್ ಹಿಂದೆ ಹೋಗದ ಹಾಗೆ ತಡೆಯುವಂಥದ್ದು. ಮೆಷಿನ್ ತಂದ ಹೊಸತರಲ್ಲಿ ಅದು ಬ್ಲೇಡಿಗೆ ತಾಗಿಕೊಂಡೇ ಇತ್ತು, ಮರ ಇಲ್ಲದಿದ್ರೂ ಕಿರ್ರ್ ಅಂತ ತಿರುಗ್ತಾ ಇತ್ತು. ಸಂಜೆ ಹೊತ್ತಿಗೆ ಆ ಶಬ್ದ ಕೇಳಿ ತಲೆಬಿಸಿ ಆಗಿ ಅಲನ್ ಕೀ ಹಾಕಿ ಅದನ್ನು ಹಿಂದೆ ಸರಿಸಿಬಿಟ್ಟೆ. ಎಷ್ಟು? ಅಳತೆ ಎಂತ ಇಲ್ಲ, ಅಂದಾಜಿಗೆ 4 ಮಿಲ್ಲಿಮೀಟರ್ ಇರ್ಬಹುದು. ಶಬ್ದ ನಿಂತಿತು, ನಾನು ದೊಡ್ಡ ಮೆಕ್ಯಾನಿಕ್ ಆದೆ ಅಂತ ಖುಷಿ. ಸಾಲದ್ದಕ್ಕೆ ಬದಿಯ ಬೇರಿಂಗ್ ಎರಡರಲ್ಲಿ ಎಡದ್ದನ್ನು ಬ್ಲೇಡಿಗೆ ಒತ್ತಿ ಕೂರಿಸಿದೆ, ಬ್ಲೇಡ್ ಅಲುಗದೆ ಇದ್ರೆ ನೇರ ಕೊಯ್ತದೆ ಅಂತ ನನ್ನ ಲೆಕ್ಕ.

ಈಗ ಯೋಚಿಸಿ. ಮರ ದೂಡ್ತೇನೆ, ಹಿಂದೆ ತಡೆಯುವವ ಇಲ್ಲ, ಬ್ಲೇಡ್ 4 ಮಿಲ್ಲಿಮೀಟರ್ ಹಿಂದೆ ಹೋಗ್ತದೆ. ಬ್ಲೇಡ್ ಒಟ್ಟಿಗೆ ಹಲ್ಲು ಸಹ ಹಿಂದೆ ಹೋಗ್ತದೆ, ಎಲ್ಲಿಗೆ, ಬದಿಯ ಬೇರಿಂಗಿನ ಒಳಗೆ! ಹಲ್ಲು ಒಂದು ಎಡಕ್ಕೆ ಒಂದು ಬಲಕ್ಕೆ ಬಗ್ಗಿಸಿರ್ತಾರಲ್ಲ, ಆ ಎಡದ ಹಲ್ಲುಗಳೆಲ್ಲ ಗಟ್ಟಿ ಉಕ್ಕಿನ ಬೇರಿಂಗಿಗೆ ಉಜ್ಜುತ್ತದೆ. 105 ಇಂಚು ಉದ್ದದ ಬ್ಲೇಡ್, ಇಂಚಿಗೆ 3 ಹಲ್ಲು, ಸುಮಾರು 315 ಹಲ್ಲು. ಬ್ಲೇಡ್ ನಿಮಿಷಕ್ಕೆ 900 ಮೀಟರ್ ಓಡ್ತದೆ ಅಂತ ಇಟ್ರೆ ಒಂದೊಂದು ಹಲ್ಲು ನಿಮಿಷಕ್ಕೆ 300ಕ್ಕಿಂತ ಹೆಚ್ಚು ಸಲ ಅಲ್ಲಿಗೆ ಬಂದು ಉಜ್ಜಿ ಹೋಗ್ತದೆ. ಹತ್ತು ನಿಮಿಷದಲ್ಲಿ ಎಡದ ಹಲ್ಲಿನ ಮೊನೆ, ಬಾಗು ಎರಡೂ ಮಂಗಮಾಯ. ಮತ್ತೆ ಬಲದ ಹಲ್ಲು ಮಾತ್ರ ಕೊಯ್ಯುದು, ಹಾಗಾಗಿ ಬ್ಲೇಡ್ ಬಲಕ್ಕೇ ಹೋಗುದು. ಬ್ಲೇಡ್ ಹೊಸತೋ ಹಳತೋ ಅನ್ನುವ ಪ್ರಶ್ನೆಯೇ ಇಲ್ಲ, ನಾನೇ ಹೊಸ ಬ್ಲೇಡ್ ಹಾಕಿ ನಾನೇ ಅದರ ಒಂದು ಬದಿಯ ಹಲ್ಲು ಕೀಳ್ತಾ ಇದ್ದೆ.

ಇದು ನಂಗೆ ಗೊತ್ತಾದದ್ದಲ್ಲ. ಊರಿನ ಹಳೇ ಆಚಾರಿ ಒಬ್ರು, ಬ್ಯಾಂಡ್‌ಸಾ ಅವರ ಕೈಯಲ್ಲಿ ಇರ್ಲೇ ಇಲ್ಲ, ಉಳಿ ಕೀಸುಳಿಯ ಜನ. ಗೋಡೆಗೆ ನೇತು ಹಾಕಿದ್ದ ಬ್ಲೇಡಿನ ಬಲಬದಿಗೆ ಹೆಬ್ಬೆರಳಿನ ಉಗುರು ಹಾಕಿ ಎಳೆದ್ರು, ಟಿಕ್ ಟಿಕ್ ಅಂತ ಸಿಕ್ಕಿತು. ಎಡಬದಿಗೆ ಎಳೆದ್ರು, ಉಗುರು ಗಾಜಿನ ಮೇಲೆ ಹೋದ ಹಾಗೆ ಜಾರಿತು. "ಉಂದೆಕ್ ಒಂಜಿ ಬರಿಟ್ ಕೂಲಿಯೇ ಇಜ್ಜಿ" ಅಂದ್ರು ತುಳುವಿನಲ್ಲಿ, ಇದಕ್ಕೆ ಒಂದು ಬದಿ ಹಲ್ಲೇ ಇಲ್ಲ ಅಂತ. ಹೋಗಿ ಎಡದ ಬೇರಿಂಗ್ ನೋಡಿದ್ರೆ ಅದರ ಸುತ್ತ ಫಳಫಳ ಹೊಳೆಯುವ ಗೀರು, ತೋಡಿದ ಹಾಗೆ. ಅಷ್ಟು ದಿನ ಅದು ನನ್ನ ಕಣ್ಣೆದುರೇ ಇತ್ತು.

ಹಾಗಾಗಿ ನೀವು 18 ಇಂಚಿಂದು ತಗೊಂಡ್ರೆ ಎಂತ ಆಗ್ತದೆ ಅಂದ್ರೆ ಹೆಚ್ಚು ದುಡ್ಡಿನ ಬ್ಲೇಡ್ ಹಾಳು ಮಾಡ್ತೀರಿ, ಅಷ್ಟೇ.

ಮೊದಲು ಪ್ಲಗ್ಗು ತೆಗೀರಿ, ಸ್ವಿಚ್ ಆಫ್ ಮಾಡಿದ್ರೆ ಸಾಲ್ಲಿಕ್ಕಿಲ್ಲ. ಮೇಲಿನ, ಕೆಳಗಿನ ಬೇರಿಂಗ್ ಎಲ್ಲವನ್ನೂ ಬ್ಲೇಡಿಂದ ದೂರ ಸರಿಸಿ, ಬ್ಲೇಡಿಗೆ ಒಂದೂ ತಾಗ್ಬಾರ್ದು. ಈಗ ಟೆನ್ಶನ್ ಕೊಡಿ. ಮೇಲಿನ ಚಕ್ರ ಕೈಯಲ್ಲಿ ತಿರುಗಿಸಿ ಬ್ಲೇಡ್ ಚಕ್ರದ ನಡುವೆ ಓಡುವ ಹಾಗೆ ಟ್ರ್ಯಾಕಿಂಗ್ ಸರಿ ಮಾಡಿ, ನಾನು ಹಲ್ಲಿನ ನಡುವಿನ ಗುಂಡಿ ಉಂಟಲ್ಲ, ಅದರ ತಳ ಚಕ್ರದ ಮಧ್ಯಕ್ಕೆ ಬರುವ ಹಾಗೆ ಇಡ್ತೇನೆ. ಇಷ್ಟು ಆದ ಮೇಲೆ ಬದಿಯ ಬೇರಿಂಗ್ ಮುಂದೆ ತನ್ನಿ, ಆದ್ರೆ ಆ ಗುಂಡಿಯ ತಳದಿಂದ ಒಂದು ಮಿಲ್ಲಿಮೀಟರ್ ಹಿಂದೆಯೇ ನಿಲ್ಲಿಸಿ. ಬ್ಲೇಡಿಗೂ ಬೇರಿಂಗಿಗೂ ನಡುವೆ ಒಂದು ಕಾಗದ ಹೋಗುವಷ್ಟು ಸಂದು, ಎರಡೂ ಬದಿಗೆ. ಕೊನೆಗೆ ತ್ರಸ್ಟ್ ಬೇರಿಂಗ್, ಬ್ಲೇಡಿನ ಬೆನ್ನಿಂದ ಅರ್ಧ ಮಿಲ್ಲಿಮೀಟರ್. ಖಾಲಿ ಓಡುವಾಗ ಅದು ತಿರುಗ್ಬಾರ್ದು, ಮರ ತಾಗಿದ ಕೂಡ್ಲೇ ತಿರುಗ್ಬೇಕು. ನನ್ನ ಹಾಗೆ ಶಬ್ದ ಬಂತು ಅಂತ ಹಿಂದೆ ದೂಡ್ಬೇಡಿ, ಶಬ್ದ ಬಂದ್ರೆ ಟ್ರ್ಯಾಕಿಂಗ್ ನೋಡಿ, ಇಲ್ಲದಿದ್ರೆ ಬೇರಿಂಗೇ ಹೋಗಿರ್ತದೆ, ಬದಲಿಸಿ.

ಟೇಬಲ್ ಅಡಿಯ ಬೇರಿಂಗ್ ಮರೀಬೇಡಿ. ನಾನು ಅಲ್ಲಿ ಬಗ್ಗಿ ನೋಡಿದ್ದೇ ಇಲ್ಲ, ನೋಡಿದಾಗ ಮರದ ಹುಡಿ ಗಟ್ಟಿಯಾಗಿ ಕಣಜದ ಮಣ್ಣುಗೂಡಿನ ಹಾಗೆ ಕೂತಿತ್ತು. ಹಸಿ ಹಲಸು, ಹೆಬ್ಬಲಸು ಕೊಯ್ದ್ರೆ ಮಯಣ ಚಕ್ರದ ರಬ್ಬರಿಗೂ ಅಂಟ್ತದೆ, ಬ್ಲೇಡ್ ಎಗರ್ಲಿಕ್ಕೆ ಶುರು ಆಗ್ತದೆ, ಅದನ್ನು ಉಜ್ಜಿ ಒರಸಿ ತೆಗೀರಿ. ಬ್ಲೇಡಿಗೆ ಹಲ್ಲು ಹೆಚ್ಚಿದ್ದಷ್ಟೂ ಒಳ್ಳೇದು ಅಂತಲೂ ಇಲ್ಲ, 8 ಇಂಚು ಅಗಲ ಸೀಳುವಾಗ ಇಂಚಿಗೆ 3 ಸಾಕು, ಹೆಚ್ಚಾದ್ರೆ ಹುಡಿ ಹೋಗ್ಲಿಕ್ಕೆ ಜಾಗ ಇಲ್ಲದೆ ಬ್ಲೇಡ್ ಮರದ ಒಳಗೇ ಹೊಟ್ಟೆ ಬಿಟ್ಟ ಹಾಗೆ ಬಾಗ್ತದೆ.

ಫೆನ್ಸನ್ನು ನೇರ ಮಾಡಿ, ಆಮೇಲೆ ಅದನ್ನು ಮುಟ್ಟಲೇ ಬೇಡಿ. ಹಾಳಾದ ಬ್ಲೇಡಿನ ತಾಳಕ್ಕೆ ಫೆನ್ಸ್ ಕುಣಿಸುದು ನಂಗೆ ಸರಿ ಕಾಣುದಿಲ್ಲ, ಬೇರೆಯವರು ಬೇಕಾದ್ರೆ ಹಾಗೆ ಹೇಳ್ಲಿ. ಮತ್ತೆ ದೂಡುವುದಕ್ಕೆ ಅವಸರ ಬೇಡ. ಮೊಂಡು ಬ್ಲೇಡಿಗೆ ಒತ್ತಿ ದೂಡುವಾಗಲೇ ಬೆರಳು ಹೋಗುದು, ಕೊನೆಯ ಅರ್ಧ ಅಡಿಗೆ ಕೈ ಬೇಡ, ರೀಪಿನ ತುಂಡಿಂದ ದೂಡಿ.

ಮಾಷ್ಟ್ರ ಬಾಗಿಲಿಗೆ ಕೊನೆಗೆ ನನ್ನ ದುಡ್ಡಲ್ಲೇ ಬೇರೆ ಹಲಸು ತಂದು ಹಾಕಿದೆ, ಬಣ್ಣ ಮಾತ್ರ ಅಕ್ಕಪಕ್ಕ ನಿಂತ್ರೆ ಗೊತ್ತಾಗ್ತದೆ, ಅವರು ಅದರ ಮಾತು ತೆಗೀಲಿಲ್ಲ, ನಾನೂ ಕೇಳ್ಲಿಲ್ಲ.

ನೀವು ಈಗ ಇನ್ನೊಂದು ಹೊಸ ಬ್ಲೇಡ್ ಹಾಕ್ಬೇಡಿ. ತೆಗೆದಿಟ್ಟ ಹಳೇದನ್ನು ಎರಡೂ ಬದಿ ಉಗುರು ಹಾಕಿ ಎಳೆದು, ಯಾವ ಬದಿ ಜಾರ್ತದೆ ಅಂತ ನೋಡಿ ಇಲ್ಲೇ ಬರೀರಿ. ಒಟ್ಟಿಗೆ ಬದಿಯ ಬೇರಿಂಗಿನ ಒಂದು ಫೋಟೋ ಸಹ ಹಾಕಿ, ಮೇಲಿಂದೂ ಕೆಳಗಿಂದೂ.