ಹೊಗೆ ಯಾರದು, ಬಾಕಿ ಯಾರದು?

ಹೊಸದುರ್ಗದ ಹಿರಿಯ ಓದುಗರೊಬ್ಬರ ಪತ್ರದ ಸಾರವಿದು: ಹವಾಮಾನ ಶೃಂಗಸಭೆ ಮುಗಿದಾಗಲೆಲ್ಲ ಒಂದು ಪತ್ರಿಕೆ ಭಾರತ ಅಡ್ಡಗಾಲು ಹಾಕಿತೆನ್ನುತ್ತದೆ, ಟಿ.ವಿ. ವಾಹಿನಿ ಭಾರತ ಗೆದ್ದಿತೆಂದು ಕೂಗುತ್ತದೆ. ಇವುಗಳ ನಡುವೆ ನೀವೂ ಶ್ರೀಮಂತ ದೇಶಗಳನ್ನು ಬೈದು ಪುಟ ತುಂಬಿಸುವ ಬದಲು ನಮ್ಮದೇ ಕಲ್ಲಿದ್ದಲಿನ ಬಗ್ಗೆ ಬರೆಯಬಾರದೇ?

ಮಾನ್ಯರೇ, ತಮ್ಮ ಆಕ್ಷೇಪದಲ್ಲಿ ನ್ಯಾಯವಿದೆ. ದೇಶವಾರು ಹೊರಸೂಸುವಿಕೆಯಲ್ಲಿ ಚೀನಾ, ಅಮೆರಿಕಗಳ ನಂತರ ನಿಲ್ಲುವವರು ನಾವೇ. ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುವುದಕ್ಕೆ ನನ್ನ ತಕರಾರಿದೆ. ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿದ್ದರೆ ನಮ್ಮವರ ಪಾಲು ಸುಮಾರು 2 ಟನ್. ಈ ಅನಿಲ ಶತಮಾನಗಳ ಕಾಲ ವಾತಾವರಣದಲ್ಲಿ ಉಳಿಯುವುದರಿಂದ ಅವರ ಮುತ್ತಜ್ಜಂದಿರು ಬಿಟ್ಟ ಹೊಗೆಯೂ ಇಂದಿನ ಬಿಸಿಯಲ್ಲಿ ಸೇರಿದೆ. ನಮ್ಮ ಪರಿಸರವಾದಿಗಳಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ಈ ಅಸಮಾನತೆಯನ್ನು ಎತ್ತಿ ತೋರಿಸಿದ್ದರು. ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಸಮನಲ್ಲ ಎಂಬುದನ್ನು ವಿಶ್ವಸಂಸ್ಥೆಯ 1992ರ ಹವಾಮಾನ ಒಪ್ಪಂದವೂ ಒಪ್ಪಿತು.

2021ರ ಗ್ಲಾಸ್ಗೋ ಹವಾಮಾನ ಶೃಂಗಸಭೆಯನ್ನೇ ನೋಡಿ. ಕಲ್ಲಿದ್ದಲನ್ನು ಪೂರ್ತಿ ಕೈಬಿಡುವ ಬದಲು ಹಂತಹಂತವಾಗಿ ತಗ್ಗಿಸುವುದೆಂದು ಕೊನೆಯ ಗಳಿಗೆಯಲ್ಲಿ ತಿದ್ದುಪಡಿ ಸೂಚಿಸಿದವರು ನಮ್ಮ ಸಚಿವ ಭೂಪೇಂದರ್ ಯಾದವ್. ಸಭೆಯ ಅಧ್ಯಕ್ಷ, ಬ್ರಿಟನ್ನಿನ ಅಲೋಕ್ ಶರ್ಮಾ ಗದ್ಗದಿತರಾದರು, ಪಾಶ್ಚಾತ್ಯ ಪತ್ರಿಕೆಗಳಿಗೆ ಖಳನಾಯಕ ಸಿಕ್ಕಿದ. ಆದರೆ ಅದಕ್ಕೆ ಮೂರು ದಿನ ಮೊದಲು ಅಮೆರಿಕ ಮತ್ತು ಚೀನಾ ಹೊರಡಿಸಿದ ಜಂಟಿ ಹೇಳಿಕೆಯಲ್ಲೂ ಕಲ್ಲಿದ್ದಲನ್ನು ತಗ್ಗಿಸುವ ಮಾತೇ ಇತ್ತು! ತಗ್ಗಿಸಬೇಕಾದ ಇಂಧನವೆಂದು ಕಲ್ಲಿದ್ದಲನ್ನು ಮಾತ್ರ ಹೆಸರಿಸಿ, ಶ್ರೀಮಂತರು ಹೆಚ್ಚು ಸುಡುವ ತೈಲ ಮತ್ತು ಅನಿಲವನ್ನು ಬಿಟ್ಟದ್ದನ್ನು ಎಷ್ಟು ಮಂದಿ ಬರೆದರು? ಗೆದ್ದೆವೆಂದು ಬೀಗಿದ ನಮ್ಮ ವಾಹಿನಿಗಳೂ ಅದನ್ನು ಬಿಡಿಸಿ ಹೇಳಲಿಲ್ಲ.

ಹಣದ ಕಥೆಯಂತೂ ಇನ್ನೂ ಕಹಿಯಾದದ್ದು. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ ಶೃಂಗಸಭೆಯಲ್ಲಿ ಕೊಟ್ಟ ಮಾತು, ಅವರದೇ ಲೆಕ್ಕದ ಪ್ರಕಾರ, ಈಡೇರಿದ್ದು 2022ರಲ್ಲಿ. ಅದರಲ್ಲೂ ಬಹುಪಾಲು ಸಾಲ. 2024ರಲ್ಲಿ ಬಾಕುವಿನ ಶೃಂಗಸಭೆಯಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದರೆ, ಶ್ರೀಮಂತರು ಮುಂದಾಳತ್ವ ವಹಿಸಿ ಕೂಡಿಸುತ್ತೇವೆಂದದ್ದು 30,000 ಕೋಟಿ, ಅದೂ 2035ರ ವೇಳೆಗೆ. ಭಾರತದ ಪ್ರತಿನಿಧಿ ಚಾಂದನಿ ರೈನಾ ಇದನ್ನು ಕಣ್ಕಟ್ಟು ಎಂದದ್ದು ನನಗೆ ಅತಿರೇಕವೆನಿಸಲಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆಂದು 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದದ್ದನ್ನು ಕೇಳಿ ಸಿಹಿ ಹಂಚಿ, ಬಳಿಕ ಧರಣಿ ಕೂತ ಜಿಲ್ಲೆ ನಮ್ಮದು. ಘೋಷಣೆಗೂ ಹಣಕ್ಕೂ ಇರುವ ದೂರವನ್ನು ಚಿತ್ರದುರ್ಗದವರಿಗೆ ಯಾರೂ ಕಲಿಸಬೇಕಿಲ್ಲ.

ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ಕ್ಯಾಮೆರಾಗಳು ಸಾಲುಗಟ್ಟಿದವು. ಮರುವರ್ಷವೇ ಬರ ಬಂತು. ಚಳ್ಳಕೆರೆ ಸೀಮೆಯ ಹೊಲಗಳಲ್ಲಿ ಶೇಂಗಾ ಗಿಡ ಕಿತ್ತರೆ ಬೇರಿನಲ್ಲಿ ನಾಲ್ಕು ಜೊಳ್ಳು ಕಾಯಿ ಜೋತಾಡುತ್ತಿದ್ದವು, ಅದನ್ನು ಚಿತ್ರೀಕರಿಸಲು ಅದೇ ಕ್ಯಾಮೆರಾಗಳಿಗೆ ಪುರುಸೊತ್ತಾಗಲಿಲ್ಲ. ಆ ಬರದ ಪರಿಹಾರಕ್ಕೆ ನಮ್ಮ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಶೃಂಗಸಭೆಗಳಲ್ಲಿ ಹಣಕ್ಕಾಗಿ ನಡೆಯುವ ಹಗ್ಗಜಗ್ಗಾಟ ಇಂಥ ಹೊಲಗಳಿಗಾಗಿಯೂ ನಡೆಯುತ್ತಿದೆ ಎಂದು ಓದುಗರಿಗೆ ತಿಳಿಸದ ಪತ್ರಿಕೋದ್ಯಮ, ಯಾರು ಗೆದ್ದರೆಂದು ಮಾತ್ರ ಕೇಳುತ್ತದೆ.

ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಹೊಗೆಯ ಬಗ್ಗೆ ತಾವೇ ಒಂದು ಲೇಖನ ಬರೆದು ಕಳುಹಿಸಿ, ಸಂತೋಷದಿಂದ ಪ್ರಕಟಿಸುತ್ತೇವೆ. ಹಳೆಯ ಬಾಕಿಯ ಮಾತನ್ನು ಮಾತ್ರ ಬಿಡಿ ಎನ್ನಬೇಡಿ.