ತಾಳವಾಡಿಯ ಡಿಸೆಂಬರ್ ಚಳಿಯಲ್ಲಿ ತೆಗೆದ ಗೆಲಾಕ್ಸಿಯ ಚಿತ್ರ ಏಪ್ರಿಲ್‌ನದಕ್ಕಿಂತ ಸ್ವಚ್ಛವಾಗಿರುವುದೇಕೆ?

ಮುಖ್ಯ ಕಾರಣ ನಿಮ್ಮ ಕ್ಯಾಮೆರಾದ ಸೆನ್ಸರ್ ತಣ್ಣಗಿರುವುದು. ಆಕಾಶದ ಪಾತ್ರ ಆಮೇಲಿನದು. ಬೆಳಕು ಬೀಳದಿದ್ದರೂ ಸೆನ್ಸರ್‌ನ ಶಾಖವೇ ಅದರೊಳಗೆ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ, ಕ್ಯಾಮೆರಾ ಅವನ್ನೂ ಬೆಳಕೆಂದೇ ಎಣಿಸುವುದರಿಂದ ಚಿತ್ರದ ತುಂಬ ಮರಳು ಚೆಲ್ಲಿದಂತೆ ಚುಕ್ಕೆಗಳು ಮೂಡುತ್ತವೆ. ಉಷ್ಣತೆ ಆರೇಳು ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಈ ಸುಳ್ಳು ಎಣಿಕೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗಾಗಿ ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ಎಂ33ರಂತಹ ಗೆಲಾಕ್ಸಿಯ ಮಸುಕಾದ ಸುರುಳಿಗಳು, ಹಲವು ನಿಮಿಷ ಬೆಳಕು ಕೂಡಿಸಿದಾಗಲೂ, ಆ ಚುಕ್ಕೆಗಳಲ್ಲಿ ಮುಳುಗಿಹೋಗುವುದಿಲ್ಲ.

ಚಳಿಯ ನಿಜವಾದ ಕಾಟ ಇಬ್ಬನಿ. ತೆರೆದ ಆಕಾಶಕ್ಕೆ ಶಾಖ ಸೂಸುವ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿ ಮಂಜಾಗುತ್ತದೆ. ದೂರದರ್ಶಕದ ಬಾಯಿಗೆ ಸಣ್ಣ ಹೀಟರ್ ಪಟ್ಟಿ ಸುತ್ತಿದರೆ ಸಾಕು. ಬಟ್ಟೆಯಿಂದ ಒರೆಸಲು ಮಾತ್ರ ಹೋಗಬೇಡಿ, ಗಾಜಿನ ಲೇಪ ಗೀರುತ್ತದೆ.