ಕಣ್ಣ ಕೆಳಗಿನ ಕಪ್ಪು: ಕ್ರೀಮ್ ತರೂಕಿಂತ ಮೊದ್ಲ ಕಿಟಕಿ ಕಡೆ ಕನ್ನಡಿ ಹಿಡೀರಿ

ಈ ಸಲ ಬಂದ ಪತ್ರದಾಗ ಅರ್ಧಕ್ಕರ್ಧ ಕಣ್ಣಿಂದ ನೋಡ್ರಿ. ಕಣ್ಣ ಕೆಳಗ ಕಪ್ಪ, ಕಣ್ಣ ಕೆಳಗ ಬಾವು, ಮಾರಿ ಬಾಡಿದಂಗ ಕಾಣ್ತೈತಿ, ಇವ. ಮೊದ್ಲ ಹೇಳಿಬಿಡ್ತೀನಿ, ನಾ ಡಾಕ್ಟರ್ ಅಲ್ಲ, ಬಾಗಲಕೋಟಿ ನವನಗರದಾಗ ಪಾರ್ಲರ್ ನಡಸಾಕಿ, ದಿನಾ ಹತ್ತ ಹನ್ನೆರಡ ಮಾರಿ ಗೇಣ ದೂರದಿಂದ ನೋಡಾಕಿ ಅಷ್ಟ. ಡಾಕ್ಟರ್ ಕಡೆ ಹೋಗೂ ಮಾತಿದ್ರ ಹೋಗ್ರಿ ಅಂತನ ಹೇಳ್ತೀನಿ.

ಪ್ರಶ್ನೆ: ಅಕ್ಕಾರ, ನಾವು ಇಲಕಲ್ಲಿನವ್ರು, ನನಗ 34 ವರ್ಷ. ಹಗಲೆಲ್ಲಾ ಮನಿಕೆಲಸ, ರಾತ್ರಿ ಹನ್ನೊಂದರ ತನಕ ಸೀರಿ ಮ್ಯಾಲ ಕಸೂತಿ ಹಾಕ್ತೀನಿ. ಎರಡ ವರ್ಷದಿಂದ ಕಣ್ಣ ಕೆಳಗ ಕಪ್ಪ ಕೂತೈತಿ, ಎಂಟ ತಾಸ ಮಲಗಿದ್ರೂ ಹೋಗವಲ್ದು. ಮದುವಿ ಮನಿಗೆ ಹೋದ್ರ ಎಲ್ಲಾರೂ "ಯಾಕವಾ, ಆರಾಮಿಲ್ಲೇನು" ಅಂತಾರ. ಇಂಡಿ ಕಡೆ ಬೀಗರು ಲಿಂಬಿಹಣ್ಣ ಕಳಿಸಿದ್ರು, ರಸ ಹಚ್ಚಿದೆ, ಉರದು ಕೆಂಪಾತು, ಈಗ ಇನ್ನೂ ಕಪ್ಪಾದಂಗ ಐತಿ. ಏನ ಮಾಡ್ಲಿ?

ಉತ್ತರ: ಯವ್ವಾ, ಇಂಡಿ ಲಿಂಬಿ ಉಪ್ಪಿನಕಾಯಿಗೆ ಬಂಗಾರ, ಕಣ್ಣಿಗೆ ಬ್ಯಾಡ. ಕಣ್ಣ ಕೆಳಗಿನ ತೊಗಲು ಮಾರಿ ಮ್ಯಾಲಿನ ತೊಗಲಿಗಿಂತ ಭಾಳ ತೆಳ್ಳಗ, ಹೆಚ್ಚು ಕಡಿಮಿ ಅರ್ಧ ಮಿಲಿಮೀಟರ್. ಅಲ್ಲಿ ಹುಳಿ ಬಿದ್ರ ಸುಡ್ತೈತಿ, ಹಚ್ಚಕೊಂಡು ಬಿಸಲಿಗೆ ಹೋದ್ರಂತೂ ಸುಟ್ಟಲ್ಲಿ ಮತ್ತ ಕಪ್ಪ ಕಲಿ ಬೀಳ್ತೈತಿ, ನಿಮಗ ಆಗಿದ್ದೂ ಅದ ಇರಬೇಕು. ಸದ್ಯಕ್ಕ ಎರಡ ವಾರ ಏನೂ ಹಚ್ಚಬ್ಯಾಡ್ರಿ, ತಣ್ಣೀರು, ಮ್ಯಾಲ ವಾಸನಿ ಇಲ್ಲದ್ದು ಒಂದ ಮಾಯಿಶ್ಚರೈಸರ್, ಅಷ್ಟ ಸಾಕು.

ಇನ್ನ ಕಪ್ಪಿನ ಮಾತು. ಎಲ್ಲಾರ ಕಪ್ಪೂ ಒಂದ ಅಲ್ಲರಿ, ಇದನ್ನ ತಿಳಕೊಳ್ಳದ ನಾವು ರೊಕ್ಕಾ ಹಾಳ ಮಾಡ್ತೀವಿ. ಮುಂಜಾನೆ ಕೈಗನ್ನಡಿ ತಗೊಂಡು ಕಿಟಕಿ ಕಡೆ ಮಾರಿ ಮಾಡಿ ನಿಂದರ್ರಿ, ಟ್ಯೂಬ್‌ಲೈಟ್ ಬುಡಕ ಬ್ಯಾಡ, ಅದು ಎಲ್ಲಾರನ್ನೂ ಮೂರ ದಿನ ಉಪಾಸ ಇದ್ದವ್ರಂಗ ತೋರಸ್ತೈತಿ. ಗದ್ದ ಸ್ವಲ್ಪ ಎತ್ತಿ ಬೆಳಕು ಕಣ್ಣ ಕೆಳಗ ಬೀಳೂ ಹಂಗ ಮಾಡ್ರಿ. ಕಪ್ಪ ಕಡಿಮಿ ಆತಂದ್ರ ಅದು ಬಣ್ಣ ಅಲ್ಲ, ಕಣ್ಣಿಗೂ ಗಲ್ಲಕ್ಕೂ ನಡುವ ಇರೂ ತಗ್ಗಿನ ನೆಳ್ಳು. ಕಡಿಮಿ ಆಗಲಿಲ್ಲ ಅಂದ್ರ ಬೆರಳಿಂದ ತೊಗಲು ಮೆಲ್ಲಕ ಬಾಜೂಕ ಎಳದು ನೋಡ್ರಿ, ಕಂದು ಬಣ್ಣ ಇದ್ದಂಗ ಉಳದ್ರ ಅದು ತೊಗಲಿನ ಬಣ್ಣ, ಎಳದಾಗ ಇನ್ನೂ ನೀಲಿ ನೀಲಿ ಆದ್ರ ತೆಳ್ಳನ ತೊಗಲಿನ ಒಳಗಿಂದ ಕಾಣೂ ರಕ್ತನಾಳ. ಭಾಳ ಮಂದಿಗೆ ಎರಡೂ ಮೂರೂ ಕೂಡೇ ಇರ್ತಾವ, ಅದಕ್ಕ ಯಾವುದು ಜೋರ ಐತಿ ಅಂತಷ್ಟ ನೋಡ್ರಿ.

ತೊಗಲಿನ ಬಣ್ಣ ಇದ್ರ ಬಿಸಲಿಗೆ ಹೋಗೂಕಿಂತ ಮೊದ್ಲ ಎಸ್‌ಪಿಎಫ್ 30 ಇಲ್ಲಾ ಅದಕ್ಕಿಂತ ಮ್ಯಾಲಿನ ಸನ್‌ಸ್ಕ್ರೀನ್ ಬೇಕ ಬೇಕು, ಜಿಂಕ್ ಆಕ್ಸೈಡ್ ಇರೂದು ತಗೊಂಡ್ರ ಕಣ್ಣಿಗೆ ಉರಿ ಕಡಿಮಿ. ಇದೂ ಒಂದ ವಾರದಾಗ ಆಗೂ ಮಾತಲ್ಲ, ಎರಡ ಮೂರ ತಿಂಗಳ ಹಚ್ಚಿದ ಮ್ಯಾಲ ಫರಕ ಗೊತ್ತಾಗ್ತೈತಿ. ನಿಮ್ಮ ಅವ್ವಗ, ಅಜ್ಜಿಗೂ ಹಿಂಗ ಇತ್ತೇನ ನೆನಪ ಮಾಡ್ಕೋರಿ, ಇತ್ತಂದ್ರ ಅದು ಮನಿತನದ ಬಳುವಳಿ, ತಿಳಿ ಆಗ್ತೈತಿ, ಪೂರ್ತಿ ಹೋಗೂದಿಲ್ಲ. ನೀಲಿ ಇದ್ರ ತಂಪ ಮಾಡಿದ್ರ, ಇಲ್ಲಾ ಕೆಫೀನ್ ಇರೂ ಐ ಕ್ರೀಮ್ ಹಚ್ಚಿದ್ರ ರಕ್ತನಾಳ ಸ್ವಲ್ಪ ಹೊತ್ತು ಕುಗ್ತಾವ, ಸಂಜಿಗೆ ಮತ್ತ ಅದ ಕಥಿ. ತಗ್ಗು ಇದ್ರ ಕ್ರೀಮಿಗೆ ಕೆಲಸನ ಇಲ್ಲ. ಅದಕ್ಕ ಫಿಲ್ಲರ್ ಅಂತ ಇಂಜೆಕ್ಷನ್ ಕೊಡ್ತಾರ, ಆದ್ರ ಅದು ಅಪ್ಪಿ ತಪ್ಪಿ ರಕ್ತನಾಳಕ್ಕ ಹೋದ್ರ ಕಣ್ಣ ಹೋಗೂ ಪ್ರಸಂಗ ಬರ್ತೈತಿ, ಪಾರ್ಲರ್‌ನಾಗ ಮಾತ್ರ ಹಾಕಿಸ್ಕೋಬ್ಯಾಡ್ರಿ, ಪಾರ್ಲರ್‌ನಾಕಿನ ಹೇಳಾಕತ್ತೀನಿ.

ಒಂದ ಕೆಲಸ ಮಾತ್ರ ಈ ವಾರನ ಮಾಡ್ರಿ, ಎಚ್‌ಬಿ ಅಂದ್ರ ಹಿಮೋಗ್ಲೋಬಿನ್ ಟೆಸ್ಟ್. ಹೆಂಗಸರಿಗೆ 12ಕ್ಕಿಂತ ಕಡಿಮಿ ಬಂದ್ರ ರಕ್ತ ಕಡಿಮಿ ಅಂತ ಲೆಕ್ಕ. ರಕ್ತ ಕಡಿಮಿ ಇದ್ರ ಮಾರಿ ಬಿಳಚಿ ಕಣ್ಣ ಕೆಳಗಿನ ಕಪ್ಪ ಎದ್ದ ಕಾಣ್ತೈತಿ, ಸುಸ್ತೂ ಖರೇನ ಇರ್ತೈತಿ. ನಮ್ಮ ಹೆಣ್ಮಕ್ಕಳ ಪದ್ಧತಿ ಗೊತ್ತಲ್ಲ, ಎಲ್ಲಾರಿಗೂ ಬಡಿಸಿ ಕಡೀಗೆ ಒಂದ ರೊಟ್ಟಿ ಉಂಡು ಮ್ಯಾಲ ಒಂದ ಕಪ್ ಚಾ. ಆ ಚಾ ಊಟದಾಗಿನ ಕಬ್ಬಿಣ ಮೈಗೆ ಹತ್ತಗೊಡೂದಿಲ್ಲ, ಒಂದ ತಾಸ ಬಿಟ್ಟು ಕುಡೀರಿ. ಬೀಗರು ಕಳಿಸಿದ ಲಿಂಬಿ ಮೆಂತ್ಯಪಲ್ಲೆ, ಕಾಳಪಲ್ಲೆ ಮ್ಯಾಲ ಹಿಂಡ್ಕೊಂಡು ಉಣ್ರಿ, ಕಬ್ಬಿಣ ಹತ್ತಾಕ ಅದು ಛಲೋ.

ಕಸೂತಿ ಬಿಡ್ರಿ ಅಂತ ನಾ ಅನ್ನೂದಿಲ್ಲ. ಗವಂತಿ, ಮುರಗಿ ಹೊಲಿಗಿ ಹಾಕಾಕ ಎಳಿ ಎಣಿಸಬೇಕು, ಎಣಿಸಾಕ ಕಣ್ಣ ನೆಟ್ಟ ನೋಡಬೇಕು, ಆವಾಗ ನಾವು ಕಣ್ಣ ಪಿಳುಕಸೂದ ಮರೀತೀವಿ, ಕಣ್ಣ ಒಣಗ್ತೈತಿ, ತಿಕ್ಕತೀವಿ, ತಿಕ್ಕಿ ತಿಕ್ಕಿ ಕಪ್ಪ ಆಗ್ತೈತಿ. ಇಪ್ಪತ್ತ ನಿಮಿಷಕ್ಕೊಮ್ಮೆ ಸೂಜಿ ಚುಚ್ಚಿಟ್ಟು ಇಪ್ಪತ್ತ ಅಡಿ ದೂರಿನ ಏನಾರ ಇಪ್ಪತ್ತ ಸೆಕೆಂಡ್ ನೋಡ್ರಿ. ದೀಪ ತಲಿ ಹಿಂದ ಬ್ಯಾಡ, ಬಾಜೂಕ ಇಟ್ಕೋರಿ.

ಇನ್ನ ಮದುವಿಗೆ ಹೋಗಾಕಂತ ಒಂದ ಮಾತ, ಇದು ನನ್ನ ಧಂದೆದ್ದು. ಎಲ್ಲಾರೂ ಮಾಡೂ ತಪ್ಪಂದ್ರ ತಮ್ಮ ಬಣ್ಣಕ್ಕಿಂತ ಬೆಳ್ಳನ ಕನ್ಸೀಲರ್, ಅಂದ್ರ ಕಲಿ ಮುಚ್ಚೂ ಕ್ರೀಮ್, ಕಪ್ಪಿನ ಮ್ಯಾಲ ಬಳಿಯೂದು, ಆವಾಗ ಕಣ್ಣ ಕೆಳಗ ಬೂದಿ ಬಳದಂಗ ಕಾಣ್ತೈತಿ, ಫೋಟೋದಾಗಂತೂ ಕೇಳಬ್ಯಾಡ್ರಿ. ಮೊದ್ಲ ಕಿತ್ತಳಿ ಬಣ್ಣದ ಕರೆಕ್ಟರ್ ಒಂದ ಜೋಳದ ಕಾಳಿನಷ್ಟ ತಗೊಂಡು ಉಂಗುರ ಬೆರಳಿಂದ ಒತ್ತಿ ಒತ್ತಿ ಹಚ್ರಿ, ತಿಕ್ಕಬ್ಯಾಡ್ರಿ, ಅರ್ಧ ನಿಮಿಷ ಬಿಡ್ರಿ, ಮ್ಯಾಲ ನಿಮ್ಮ ಬಣ್ಣದ್ದ ಕನ್ಸೀಲರ್ ತೆಳ್ಳಗ. ರಾತ್ರಿ ಎಣ್ಣಿ ಹಚ್ಚಿ ತಗೀರಿ, ಕಾಡಗೀನೂ ತಗೀರಿ, ಕಾಡಗಿ ಇಟ್ಕೊಂಡ ಮಲಗಿದ್ರ ಅದು ಕೆಳಗ ಇಳದು ಬೆಳಗ್ಗೆ ಇನ್ನೊಂದ ಕಪ್ಪ.

ಮತ್ತ ಯಾರರ "ಒಂದ ವಾರದಾಗ ಬೆಳ್ಳಗ" ಅಂತ ಹೆಸರಿಲ್ಲದ ಡಬ್ಬಿ ಕೊಟ್ರ ಇಸ್ಕೋಬ್ಯಾಡ್ರಿ. ನಾ ಪಾರ್ಲರ್ ಚಾಲೂ ಮಾಡಿದ ಹೊಸದಾಗ ಒಂದ ಅಂಗಡ್ಯಾಗ ಹಂಗ ಸಿಕ್ಕದ್ದ ಹಚ್ಕೊಂಡಿದ್ದೆ, ಎಂಟ ದಿನದಾಗ ಮಾರಿ ಮಿಂಚಾಕತ್ತು, ಊರೆಲ್ಲಾ ಹೇಳ್ಕೊಂಡ ಬಂದೆ, ಬಿಟ್ಟ ನಾಕನೇ ದಿನಕ್ಕ ಕೆಂಪಗ ಉರಿ, ತೊಗಲ ಈರುಳ್ಳಿ ಸಿಪ್ಪಿಯಂಗ ತೆಳ್ಳಗಾಗಿ ನರ ಕಾಣಾಕತ್ತು. ಚರ್ಮದ ಡಾಕ್ಟರ್ ನೋಡಿ ಸ್ಟೆರಾಯ್ಡ್ ಅಂದ್ರು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಅಂತ ಟ್ಯೂಬ್ ಮ್ಯಾಲ ಬರದಿದ್ರ ಅದ ಇದು. ಕಣ್ಣ ಹತ್ರ ಭಾಳ ದಿನ ಹಚ್ಚಿದ್ರ ಕಣ್ಣಿನ ಒತ್ತಡ ಏರೂದು, ಮೋತಿಬಿಂದು ಬರೂದೂ ಐತಿ.

ಪ್ರಶ್ನೆ: ಮೇಡಂ, ನಾ ಬೆಳಗಾವಿ ಹುಡುಗ, ನೈಟ್ ಶಿಫ್ಟ್ ಕೆಲಸ. ಎದ್ದ ಕೂಡ್ಲೆ ಕಣ್ಣ ಕೆಳಗ ಚೀಲ ಕಟ್ಟಿದಂಗ ಬಾತಿರ್ತಾವ, ಮಧ್ಯಾಹ್ನದಾಗ ಇಳೀತಾವ.

ಉತ್ತರ: ಇಳೀತಾವಂದ್ರ ಅದು ನೀರು ತಮ್ಮಾ, ಅಡ್ಡ ಮಲಗಿದಾಗ ಅಲ್ಲಿ ಬಂದ ನಿಂದರ್ತೈತಿ. ಶಿಫ್ಟಿನಾಗ ಏನ ತಿಂತೀ ಬರದಿಲ್ಲ, ಚೂಡಾ, ಹಪ್ಪಳ, ಉಪ್ಪಿನಕಾಯಿ ಇರಬೇಕಂತ ನನ್ನ ಗುಮಾನಿ, ಉಪ್ಪು ನೀರು ಹಿಡದಿಡ್ತೈತಿ. ಇನ್ನೊಂದ ದಿಂಬ ಹಾಕ್ಕೊಂಡು ತಲಿ ಎತ್ತರ ಮಾಡಿ ಮಲಗು, ಕಿಟಕಿಗೆ ದಪ್ಪನ ಪರದೆ ಹಾಕು. ಎದ್ದ ಮ್ಯಾಲ ಫ್ರಿಜ್‌ನಾಗಿಂದ ಎರಡ ಚಮಚ ತಗದು ಅರಬಿ ಸುತ್ತಿ ಐದ ನಿಮಿಷ ಕಣ್ಣ ಮ್ಯಾಲ ಇಡು. ದಿನಪೂರ್ತಿ ಇಳೀದಿದ್ರ ಅದು ಕೊಬ್ಬಿನ ಚೀಲ ಇರಬಹುದು, ಅದನ್ನ ತಗ್ಯಾಕ ಆಪರೇಷನ್ ಬೇಕಾಗ್ತೈತಿ. ಕಾಲೂ ಬಾಯ್ತಿದ್ರ, ಉಚ್ಚಿಯೊಳಗ ನೊರಿ ಬರ್ತಿದ್ರ ಕಿಡ್ನಿ ಟೆಸ್ಟ್ ಮಾಡಸು.

ಪ್ರಶ್ನೆ: ವಿಜಯಪುರದಿಂದ ಬರೀತೀನ್ರಿ. ನನ್ನ ಮಗಳಿಗೆ 9 ವರ್ಷ, ಈಗ್ಲೇ ಕಣ್ಣ ಕೆಳಗ ಕಪ್ಪ. ಬೆಳಿಗ್ಗೆ ಎದ್ದ ಕೂಡ್ಲೆ ಸೀನು, ಯಾವಾಗ್ಲೂ ಕಣ್ಣ ಉಜ್ಜತಾಳ. ಯಾವ ಪ್ಯಾಕ್ ಹಾಕ್ಲಿ?

ಉತ್ತರ: ಪ್ಯಾಕ್ ಯಾವುದೂ ಬ್ಯಾಡ್ರಿ. ಇದು ಧೂಳಿನ ಅಲರ್ಜಿ ಇದ್ದಂಗ ಕಾಣ್ತೈತಿ, ಮೂಗ ಕಟ್ಟಿದಾಗ ಕಣ್ಣ ಕೆಳಗಿನ ರಕ್ತನಾಳ ಉಬ್ಬಿ ಅಲ್ಲಿ ಕಪ್ಪ ಕಾಣ್ತೈತಿ. ಹಾಸಗಿ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿ ನೀರಾಗ ಒಗೀರಿ, ಕಾಡಗಿ ಬಂದ್ ಮಾಡ್ರಿ, ಮಕ್ಕಳ ಡಾಕ್ಟರಿಗೆ ಇಲ್ಲಾ ಕಣ್ಣಿನ ಡಾಕ್ಟರಿಗೆ ತೋರಸ್ರಿ. ಉಜ್ಜೂದು ಮಾತ್ರ ಬಿಡಸ್ಲೇಬೇಕು, ಜೋರ ಉಜ್ಜಿ ಉಜ್ಜಿ ಕರಿಗುಡ್ಡಿ ಮ್ಯಾಲಿನ ಪರದೆಯ ಆಕಾರನ ಕೆಡೂದುಂಟು.

ಪ್ರಶ್ನೆ: ಜಮಖಂಡಿಯಿಂದ, 58 ವರ್ಷ. ಸಂಜಿ ಆತಂದ್ರ ಒಂದ ಕಣ್ಣಿನ ರೆಪ್ಪಿ ಜೋಲ್ತೈತಿ, ಮುಂಜಾನೆ ಸರಿ ಇರ್ತೈತಿ.

ಉತ್ತರ: ಇದು ನನ್ನ ಕೈಯಾಗಿನ ಮಾತಲ್ಲ ಅಕ್ಕಾರ. ನರ, ಸ್ನಾಯು ನೋಡೂ ಡಾಕ್ಟರ್ ಬೇಕು, ಈ ವಾರನ ಹೋಗ್ರಿ. ಒಂದ ವ್ಯಾಳೆ ಒಮ್ಮಿಂದೊಮ್ಮೆ ರೆಪ್ಪಿ ಬಿತ್ತು, ತಲಿ ಸಿಡ್ಯಾಕತ್ತು, ಒಂದ ಎರಡಾಗಿ ಕಾಣಾಕತ್ತು ಅಂದ್ರ ಅವತ್ತ, ಅದ ತಾಸಿಗೆ ದೊಡ್ಡ ದವಾಖಾನಿಗೆ.

ಪ್ರಶ್ನೆ: ಸೌತಿಕಾಯಿ ಹೋಳ ಕಣ್ಣ ಮ್ಯಾಲ ಇಟ್ರ ಖರೇನ ಉಪಯೋಗ ಐತೇನ್ರಿ? (ಮುಧೋಳ)

ಉತ್ತರ: ಉಪಯೋಗ ಆಗೂದು ತಂಪಿಂದು, ಸೌತಿಕಾಯಿದ್ದಲ್ಲ, ತಣ್ಣೀರಾಗ ಅದ್ದಿದ ಅರಬೀನೂ ಅಷ್ಟ ಮಾಡ್ತೈತಿ. ಪಾರ್ಲರ್‌ನಾಗ ಗಿರಾಕಿ ಕೇಳ್ತಾರಂತ ನಾ ಎರಡ ಹೋಳ ಇಡ್ತೀನಿ, ಉಳದ ಕಾಯಿ ನಮ್ಮ ಮಧ್ಯಾಹ್ನದ ಪಚಡಿಗೆ.